ಆ ಮಾತು ನನ್ನದು, ಶಬಾನಾ

ಶಬಾನಾ, ಅಂದು ನಾನು ಸುಳ್ಳು ಹೇಳಿದೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಅವರು, ನಾನು, ನಿನ್ನ ಗೆಳತಿ ಮಂಜುಳನ ಅಪ್ಪ, ಅವಳ ಚಿಕ್ಕಪ್ಪ — ಬಾಗಿಲಲ್ಲಿ ಕಾಪಿ ಪುಸ್ತಕಗಳ ಕಟ್ಟು ಹಿಡಿದು ನೀನು. ನಿನಗೂ ಕೇಳಿಸಿತು.

ಎರಡು ಸಾವಿರದ ಮೂರರ ಸುಮಾರು. ಸರಗೂರಿನ ಆಚೆಯ ಆ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ನಾನು ಇಂಗ್ಲಿಷ್ ಮೇಷ್ಟ್ರು. ಪುಸ್ತಕ ತೆರೆದರೆ ನೀವ್ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮದುವೆಯ ಮಾತೆತ್ತಿದರೆ ಯಾರು ತಾನೆ ಸುಮ್ಮನಿರುತ್ತಾರೆ ಎಂದು ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ಧಾರೆ, ಇನ್ನೊಂದು ಕಡೆ ನಿಕಾಹ್ ಎಂದು ಬರೆದೆ. ಮಂಜುಳ ಚಪ್ಪರ, ಅರಿಶಿನ ಎಲ್ಲ ಹೇಳಿದಳು. ನೀನು ಒಲ್ಲೆ ಎಂದೆ. ನಾನೇ ಬಲವಂತವಾಗಿ ಎಬ್ಬಿಸಿದೆ. ನೀನು ತಡವರಿಸುತ್ತಲೇ ಇಂಗ್ಲಿಷಿನಲ್ಲಿ ಹೇಳಿದೆ — ಸಾಕ್ಷಿಗಳು ಬಂದು ಹುಡುಗಿಯ ಒಪ್ಪಿಗೆ ಕೇಳುತ್ತಾರೆ, ಅವಳು ಹೂಂ ಎಂದರೇ ಮದುವೆ.

ನಾನು ಮಂಜುಳನ ಕಡೆ ತಿರುಗಿ, ನಿಮ್ಮಲ್ಲಿ ಹುಡುಗಿಯನ್ನು ಯಾರು ಕೇಳುತ್ತಾರೆ ಎಂದೆ.

"ನೋಬಡಿ, ಸಾರ್."

ಹಿಂದಿನ ಬೆಂಚಿನವನೊಬ್ಬ ಪಕ್ಕದವನಿಗೆ, "ಕೇಳುದ್ರೆ ನಿನ್ನ ಯಾವೋಳ್ಲಾ ಒಪ್ತಾಳೆ?" ಎಂದ. ಎಲ್ಲರೂ ನಕ್ಕರು. ನಾನೂ ನಗುತ್ತಲೇ ಮಂಜುಳನಿಗೆ ಹೇಳಿದೆ: "ಕೇಳ್ಬೇಕಲ್ವೇನಮ್ಮ? ಯೋಚನೆ ಮಾಡು." ಆ ಮಾತು ನನ್ನದು, ನಿನ್ನದಲ್ಲ.

ಮುಂದಿನ ವಾರವೇ ಅವಳಿಗೆ ವೀಳ್ಯಶಾಸ್ತ್ರ ಇಟ್ಟುಕೊಂಡಿದ್ದರು. ಹದಿನಾರು ತುಂಬದ ಹುಡುಗಿ — ನನಗೆ ಗೊತ್ತಿರಲಿಲ್ಲ ಅನ್ನಲಾರೆ, ನನ್ನನ್ನೂ ಊಟಕ್ಕೆ ಕರೆದಿದ್ದರು. ಎಲೆ ಅಡಿಕೆ ಬದಲಾಗುವ ಹೊತ್ತಿಗೆ ಅವಳು ಹಿರಿಯರ ಮುಂದೆ ನಿಂತು, ನನ್ನನ್ನು ಯಾರೂ ಕೇಳಲಿಲ್ಲ, ನನಗೆ ಬೇಡ ಎಂದುಬಿಟ್ಟಳಂತೆ. ಗಂಡಿನ ಕಡೆಯವರು ತಟ್ಟೆ ಬಿಟ್ಟು ಎದ್ದು ಹೋದರು.

ಮರುದಿನ ಅವಳ ಅಪ್ಪ ಶಾಲೆಗೆ ಬಂದರು. ಕೂಗಾಡಲಿಲ್ಲ. "ನನ್ ಮಗಳ ತಲೆಗೆ ಇದ ತುಂಬ್ದೋರು ಯಾರು, ಯೋಳಿ ಮೇಷ್ಟ್ರೇ."

"ನಾನಲ್ಲ ಗೌಡ್ರೇ. ಆ ಟೈಲರ್ ಮಗಳು ಹೇಳ್ಕೊಟ್ಟಿರೋದು."

ನೀನು ನನ್ನ ಮುಖ ನೋಡಿದೆ. ನಾನು ಹಾಜರಿ ಪುಸ್ತಕ ನೋಡಿದೆ.

ಕೆಲಸ ಹೋಗುವ ಭಯವಿತ್ತು ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಹೋಗುತ್ತಿರಲಿಲ್ಲ. ಅವರು ನಾಲ್ಕು ಮಾತು ಬೈದು ಹೋಗುತ್ತಿದ್ದರು — ಅಷ್ಟನ್ನು ಕೇಳಿಸಿಕೊಳ್ಳುವುದೂ ನನ್ನಿಂದ ಆಗಲಿಲ್ಲ.

ಊರಿನ ಹೆಂಗಸರು ನಿಮ್ಮ ಅಂಗಡಿಗೆ ರವಿಕೆ ಹೊಲಿಯಲು ಕೊಡುವುದನ್ನು ನಿಲ್ಲಿಸಿದರು. ಮಂಜುಳನಿಗೆ ತಿಂಗಳೊಳಗೆ ಬೇರೆ ಕಡೆ ವೀಳ್ಯವಾಯಿತು. ಆ ಸಲ ಅವಳು ಬಾಯಿ ತೆರೆಯಲಿಲ್ಲವಂತೆ. ನೀನು ಶಾಲೆಗೆ ಬರಲಿಲ್ಲ. ಪರೀಕ್ಷೆಗೆ ಇನ್ನು ಎರಡೇ ತಿಂಗಳಿತ್ತು — ಇಂಗ್ಲಿಷಿನಲ್ಲಿ ನೀನೇ ಮುಂದೆ.

ಒಂದು ಸೋಮವಾರ ನಿನ್ನ ಅಬ್ಬಾ ಟಿ.ಸಿ. ಕೇಳಿಕೊಂಡು ಬಂದರು. ಹೆಡ್‌ಮಾಸ್ಟರು ನನ್ನ ಕೈಯಲ್ಲೇ ಬರೆಸಿದರು. ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ನಿನ್ನ ಅಬ್ಬಾ ನನಗೆ ಕೈಮುಗಿದರು. "ನಮ್ ಹುಡ್ಗಿಯಿಂದ ನಿಮ್ಗೆ ತೊಂದ್ರೆ ಆಯ್ತು ಸಾರ್. ಮಾಫ್ ಮಾಡ್ಬುಡಿ."

ನಾನು, ಆಗಲಿ ಎಂದೆ.