ಬುಧವಾರವೋ ಶುಕ್ರವಾರವೋ

ಇಂಗ್ಲೆಂಡಿನ ಆಸ್ಪತ್ರೆಯ ಡಾಕ್ಟರು ನನ್ನ ಮುಂದೆ ಎರಡು ದಿನ ಇಟ್ಟರು. ಮಗುವಿನ ತಲೆ ಮೇಲಾಗಿದೆ, ಸಿಸೇರಿಯನ್ ಆಗಲೇಬೇಕು, ಬುಧವಾರ ಬರುತ್ತೀರೋ ಶುಕ್ರವಾರ ಬರುತ್ತೀರೋ ಎಂದು ಕೇಳಿದರು. ಕಾಫಿಯೋ ಟೀಯೋ ಎಂದು ಕೇಳುವ ಹಾಗಿತ್ತು. ಬುಧವಾರ ಆಗಸ್ಟ್ ಮೂವತ್ತು, ಶುಕ್ರವಾರ ಸೆಪ್ಟೆಂಬರ್ ಒಂದು. ನನಗೆ ಯಾವುದಾದರೂ ಆಗುತ್ತಿತ್ತು. ಆದರೆ ಮೈಸೂರಿನಲ್ಲಿ ನಮ್ಮತ್ತೆ ಪಂಚಾಂಗ ಬಿಚ್ಚಿಕೊಂಡು ಕೂತಿದ್ದರು.

"ಬುಧವಾರ ಅನುರಾಧಾ ನಕ್ಷತ್ರ ಕಣಮ್ಮ, ಬಂಗಾರದಂಥ ದಿನ. ಶುಕ್ರವಾರ ಮೂಲಾ ಬರತ್ತೆ. ಮೂಲಾದಲ್ಲಿ ಹುಟ್ಟಿದ್ರೆ ಅಪ್ಪನಿಗೆ ಆಗಲ್ಲ. ಬೇಡವೇ ಬೇಡ" ಎಂದರು ಫೋನಿನಲ್ಲಿ.

ನಾನು ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿ ಬಹುಮಾನ ಹೊಡೆದವಳು. ಆ ಸ್ಟೀಲ್ ಲೋಟ ಇನ್ನೂ ನನ್ನ ತವರಿನಲ್ಲಿದೆ. ಆದರೂ ಬುಧವಾರ ಅಂದುಬಿಟ್ಟೆ. ಅತ್ತೆಯ ಜೊತೆ ಯಾಕೆ ಜಟಾಪಟಿ, ಎರಡು ದಿನ ಮುಂಚೆ ಆದರೆ ಯಾರ ಗಂಟು ಹೋಗುತ್ತೆ ಎಂದುಕೊಂಡೆ.

ಆ ದೇಶದಲ್ಲಿ ಶಾಲೆಯ ವರ್ಷವೂ ಫುಟ್‌ಬಾಲಿನ ವರ್ಷವೂ ಸೆಪ್ಟೆಂಬರ್ ಒಂದಕ್ಕೇ ಶುರುವಾಗುತ್ತವೆ. ಆಗಸ್ಟ್ ಮೂವತ್ತಕ್ಕೆ ಹುಟ್ಟಿದವನು ತನ್ನ ವಯಸ್ಸಿನ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಎರಡು ದಿನ ಬಿಟ್ಟು ಹುಟ್ಟಿದ್ದರೆ ಮುಂದಿನ ಗುಂಪಿಗೆ ಸೇರಿ ಅಲ್ಲಿ ಎಲ್ಲರಿಗಿಂತ ದೊಡ್ಡವನಾಗುತ್ತಿದ್ದ. ಇದು ನನಗೆ ಅರ್ಥವಾದದ್ದು ಮಗನಿಗೆ ಒಂಬತ್ತು ವರ್ಷವಾದ ಮೇಲೆ, ಊರಿನ ಕ್ಲಬ್ಬಿನವರು ಅವನನ್ನು ತಮ್ಮ ಅಕಾಡೆಮಿಗೆ ಆರಿಸಿಕೊಂಡಾಗ.

ವಾರಕ್ಕೆ ಮೂರು ಸಂಜೆ ತರಬೇತಿ, ಭಾನುವಾರ ಪಂದ್ಯ. ಕಾರಿನಲ್ಲೇ ಮೊಸರನ್ನ, ಕಾರಿನಲ್ಲೇ ಹೋಮ್‌ವರ್ಕ್. ಮೈದಾನದಲ್ಲಿ ಸಾಲಾಗಿ ನಿಂತರೆ ನನ್ನ ಮಗನನ್ನು ಹುಡುಕುವ ಕಷ್ಟವೇ ಇರಲಿಲ್ಲ, ಸಾಲು ಎಲ್ಲಿ ತಗ್ಗಿದೆಯೋ ಅಲ್ಲಿ ಅವನಿದ್ದ. ವರ್ಷಕ್ಕೆರಡು ಸಲ ಒಂದು ವರದಿ ಕೊಡುತ್ತಿದ್ದರು. ಅದರಲ್ಲಿ ಬಣ್ಣದ ಚೌಕಗಳು. ಚೆಂಡಿನ ಮೇಲೆ ಹಿಡಿತ ಹಸಿರು, ಆಟ ಓದುವುದು ಹಸಿರು, ಹೇಳಿದ್ದು ಕೇಳುವುದು ಹಸಿರು, ದೇಹದ ಬೆಳವಣಿಗೆ ಮಾತ್ರ ಕೆಂಪು. ಆರು ವರ್ಷ ಆ ಒಂದು ಚೌಕ ಬಣ್ಣ ಬದಲಿಸಲಿಲ್ಲ.

ಅವನಿಗೆ ಹದಿಮೂರಾದಾಗ ನಮ್ಮಿಬ್ಬರನ್ನೂ ಕರೆಸಿ ಗೋಡೆಗೆ ನಿಲ್ಲಿಸಿ ಅಳೆದರು. ಅಪ್ಪ ಅಮ್ಮನ ಎತ್ತರದಿಂದ ಮಗ ಎಷ್ಟು ಬೆಳೆಯುತ್ತಾನೆ ಎಂದು ಲೆಕ್ಕ ಹಾಕುತ್ತಾರಂತೆ. ನನ್ನ ಗಂಡ ಎರಡು ಜೊತೆ ಕಾಲುಚೀಲ ಹಾಕಿಕೊಂಡು ಬಂದಿದ್ದರು. ಅಳೆಯುವ ಹುಡುಗಿ ನಗುತ್ತಾ ಎರಡನ್ನೂ ಬಿಚ್ಚಿಸಿದಳು. ನಮ್ಮಪ್ಪ ಆರಡಿ ಎರಡಂಗುಲ ಇದ್ದರು ಎಂದು ನಾನು ಹೇಳಿದೆ. ತಾತನಿಗೆ ಆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

ಹದಿನೈದಕ್ಕೆ ಅವನನ್ನು ಬಿಟ್ಟರು. ಆ ವಯಸ್ಸಿಗೆ ಕ್ಲಬ್ಬಿನವರು ಯಾರನ್ನು ಮುಂದೆ ಪೂರ್ತಿ ಹೊತ್ತಿನ ತರಬೇತಿಗೆ ಇಟ್ಟುಕೊಳ್ಳುವುದು, ಯಾರನ್ನು ಮನೆಗೆ ಕಳಿಸುವುದು ಎಂದು ತೀರ್ಮಾನಿಸುತ್ತಾರೆ. ಹತ್ತು ನಿಮಿಷದ ಮೀಟಿಂಗು. ಕೋಚ್ ಒಳ್ಳೆಯ ಮನುಷ್ಯನೇ. ಟಿಶ್ಯೂ ಪೆಟ್ಟಿಗೆಯನ್ನು ನಮ್ಮ ಕಡೆ ಸರಿಸಿಟ್ಟು ಮಾತು ಶುರುಮಾಡಿದ. ನಮ್ಮಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ. ವಾಪಸು ಬರುವಾಗ ನನ್ನ ಗಂಡ ಒಂದೇ ವೃತ್ತವನ್ನು ಎರಡು ಸಲ ಸುತ್ತಿದರು. ಮಗ ಹಿಂದಿನ ಸೀಟಿನಲ್ಲಿ ಹಸಿವಾಗುತ್ತಿದೆ ಎಂದ. ಚಿಪ್ಸ್ ಕೊಡಿಸಿದೆವು, ತಿಂದ. ನಾನು ಅಳುತ್ತೇನೆ ಎಂದು ಕಾಯುತ್ತಾ ಕೂತಿದ್ದೆ. ಅಳು ಬರಲಿಲ್ಲ. ಹಲ್ಲಿನ ಡಾಕ್ಟರ ಇಂಜೆಕ್ಷನ್ ಆದ ಮೇಲೆ ತುಟಿ ಇರುವುದೇ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು. ಅದು ಇವತ್ತಿಗೂ ಪೂರ್ತಿ ಬಿಟ್ಟಿಲ್ಲ.

ನೈರೋಬಿಯ ಕೆಲಸ ನನಗೆ ಮೊದಲೂ ಒಮ್ಮೆ ಬಂದಿತ್ತು. ಮಗನ ಅಕಾಡೆಮಿ ಬಿಡಿಸಬೇಕಾಗುತ್ತದೆ ಎಂದು ಬೇಡ ಅಂದಿದ್ದೆ. ಈಗ ಬಿಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಅವನಿಗೆ ಹದಿನಾರು ತುಂಬುವ ಮುಂಚೆ ನೈರೋಬಿಯ ಲೊರೆಶೋ ಬಡಾವಣೆಗೆ ಬಂದು ಮನೆ ಹಿಡಿದೆವು. ದೊಡ್ಡ ಸಂಸ್ಥೆಯೊಂದರಲ್ಲಿ ದಾನಿಗಳಿಗೆ ಪತ್ರ, ವರದಿ ಬರೆಯುವುದು ನನ್ನ ಕೆಲಸ. ಗಡುವು ಮುಂದೂಡಿ ಎಂದು ವಿನಯದಿಂದ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಆ ಕಟ್ಟಡದಲ್ಲಿಲ್ಲ.

ಐದು ತಿಂಗಳು ಮಗ ಚೆಂಡು ಮುಟ್ಟಲಿಲ್ಲ. ಆಮೇಲೊಂದು ದಿನ ಶಾಲೆಯ ಗೆಳೆಯನ ಜೊತೆ ನಡೆದು ಬರುವಾಗ ಇಳಿಜಾರಿನ ಕೆಳಗಿನ ಮೈದಾನದಲ್ಲಿ ಒಂದು ತಂಡಕ್ಕೆ ಒಬ್ಬ ಕಡಿಮೆ ಬಿದ್ದಿದ್ದ. ಇವನು ಶಾಲೆಯ ಬೂಟಿನಲ್ಲೇ ಇಳಿದನಂತೆ. ಅವತ್ತಿನಿಂದ ಪ್ರತಿ ಸಂಜೆ ಅಲ್ಲಿಗೇ. ಅಲ್ಲಿನ ಕೋಚ್ ಬೆಳಿಗ್ಗೆ ಶಾಲೆಯೊಂದರಲ್ಲಿ ಆಟದ ಮೇಷ್ಟ್ರು, ಸಂಜೆ ಈ ಹುಡುಗರಿಗೆ ಮೇಷ್ಟ್ರು. ಏನು ಹೇಳಿದರೂ ಕೊನೆಗೆ "ಸವಾ?", ಅಂದರೆ ಸರಿಯಾ, ಎಂದು ಕೇಳುವವನು. ಎದುರಿನವರು "ಸವಾ" ಎನ್ನುವವರೆಗೂ ಬಿಡುವವನಲ್ಲ.

ಅದೇ ವರ್ಷ ಮಗ ಬೆಳೆಯತೊಡಗಿದ. ನ್ಗಾರಾ ಪೇಟೆಯ ಅಂಗಡಿಯಲ್ಲಿ ಕೊಂಡ ಪ್ಯಾಂಟು ಮೂರು ತಿಂಗಳಿಗೆ ಗಿಡ್ಡ. ಅಂಗಡಿಯ ಗುಜರಾತಿ ಮುದುಕರು ನನ್ನನ್ನು ಕಂಡ ಕೂಡಲೇ ಮುಂದಿನ ಅಳತೆಯದನ್ನು ಇಳಿಸುತ್ತಿದ್ದರು. ಹದಿನೇಳಕ್ಕೆ ಅಡುಗೆಮನೆಯ ಮೇಲಿನ ಶೆಲ್ಫಿನ ಡಬ್ಬಿಗಳನ್ನು ಕುರ್ಚಿಯಿಲ್ಲದೆ ತೆಗೆಯುತ್ತಿದ್ದ. ಥೇಟ್ ನಮ್ಮಪ್ಪನ ಭುಜ. ನೋಡಿದಾಗೆಲ್ಲ ನನಗೆ ಖುಷಿಯಾಗಬೇಕಿತ್ತು. ಆಗುತ್ತಿದ್ದದ್ದು ಹೊಟ್ಟೆಯುರಿ. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ.

"ಮಾಮಾ, ಅವರು ಇವನನ್ನು ಯಾಕೆ ಬಿಟ್ಟರು?" ಎಂದು ಕೋಚ್ ಒಮ್ಮೆ ಕೇಳಿದ. ಇಲ್ಲಿ ತಾಯಿಯ ವಯಸ್ಸಿನವರನ್ನೆಲ್ಲ ಮಾಮಾ ಎನ್ನುತ್ತಾರೆ.

"ತುಂಬಾ ಚಿಕ್ಕವನು ಅಂತ" ಎಂದೆ.

ಅವನು ಮೈದಾನದಲ್ಲಿ ಎಲ್ಲರಿಗಿಂತ ಒಂದು ಗೇಣು ಮೇಲಿದ್ದ ನನ್ನ ಮಗನನ್ನು ನೋಡಿ ಜೋರಾಗಿ ನಕ್ಕ. ನಾನು ನಗುತ್ತಿಲ್ಲ ಎಂದು ಗೊತ್ತಾದ ಮೇಲೆ ನಿಲ್ಲಿಸಿದ.

ಅವನೇ ಫೋನಿನಲ್ಲಿ ಮಗನ ಆಟದ ವಿಡಿಯೋ ಹಿಡಿದು ಇಂಗ್ಲೆಂಡಿನ ಹಲವು ಕ್ಲಬ್ಬುಗಳಿಗೆ ಕಳಿಸಿದ. ಹೆಚ್ಚಿನವರು ಉತ್ತರಿಸಲಿಲ್ಲ. ಕೆಳಗಿನ ಹಂತದ ಒಂದು ಸಣ್ಣ ಕ್ಲಬ್ಬು ಉತ್ತರಿಸಿತು. ಆಟ ಹಿಡಿಸಿತು, ಆಗಸ್ಟಿನಲ್ಲಿ ಹದಿನೆಂಟರ ಒಳಗಿನವರ ತಂಡಕ್ಕೆ ಆಯ್ಕೆಯಿದೆ, ಬರಲಿ, ಈ ಫಾರಂ ತುಂಬಲಿ ಎಂದು. ಆ ವಾರ ಮಗ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದದ್ದು ನನಗೆ ಕೇಳಿಸಿತು. ಅವನು ಗುನುಗುತ್ತಾನೆ ಎಂಬುದೇ ನನಗೆ ಮರೆತುಹೋಗಿತ್ತು. ಇದು ಅವನಿಗೆ ಕೊನೆಯ ಬಾಗಿಲು ಎಂದು ಮೂವರಿಗೂ ಗೊತ್ತಿತ್ತು. ಆ ಕ್ಲಬ್ಬಿನಲ್ಲಿ ಹದಿನೆಂಟು ದಾಟಿದರೆ ಇರುವುದು ದೊಡ್ಡವರ ತಂಡ ಮಾತ್ರ, ಅಲ್ಲಿಗೆ ಆಡಿ ಪಳಗಿದವರನ್ನೇ ತೆಗೆದುಕೊಳ್ಳುತ್ತಾರೆ.

ಫಾರಂ ಕಳಿಸಿದ ಎರಡನೇ ದಿನ ಉತ್ತರ ಬಂತು. ಈ ವರ್ಷದ ತಂಡಕ್ಕೆ ಹದಿನೆಂಟು ವರ್ಷದ ಹಿಂದಿನ ಸೆಪ್ಟೆಂಬರ್ ಒಂದು ಅಥವಾ ಆಮೇಲೆ ಹುಟ್ಟಿದವರು, ಅಂದರೆ ಈ ಆಗಸ್ಟ್ ಮುಗಿಯುವುದರೊಳಗೆ ಹದಿನೆಂಟು ತುಂಬದವರು ಮಾತ್ರ ಅರ್ಹರು. ಜನ್ಮದಿನಾಂಕವನ್ನು ಮೊದಲೇ ನೋಡದೆ ಕರೆದದ್ದಕ್ಕೆ ಕ್ಷಮಿಸಿ.

ಆರು ವರ್ಷ ಅವನನ್ನು ಎಲ್ಲರಿಗಿಂತ ಚಿಕ್ಕವನನ್ನಾಗಿ ಮಾಡಿದ ದಿನವೇ ಈಗ ಅವನನ್ನು ದೊಡ್ಡವನನ್ನಾಗಿ ಮಾಡಿತ್ತು. ನನ್ನ ಗಂಡ ಸೋಫಾದಲ್ಲಿ ಕೂತು ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು. "ಎರಡು ದಿನ ಕಣೇ" ಎಂದರು. ಆಮೇಲೆ "ಶುಕ್ರವಾರ ಅಂದಿದ್ರೆ..." ಎಂದು ಶುರುಮಾಡಿ ಬಾಯಿ ಮುಚ್ಚಿಕೊಂಡರು. ಮೂಲಾ ನಕ್ಷತ್ರ ಆಗದೆ ಇದ್ದದ್ದು ಇವರಿಗೆ. ಇವರ ಆಯಸ್ಸು ಗಟ್ಟಿಯಾಗಲಿ ಎಂದು ಬುಧವಾರ ಮಾಡಿಸಿಕೊಂಡದ್ದು. ಅದನ್ನು ಅವರಿಗೆ ನೆನಪಿಸುವ ಮನಸ್ಸಾಯಿತು, ನೆನಪಿಸಲಿಲ್ಲ.

ನಮ್ಮಪ್ಪನ ಕಾಲದಲ್ಲಿ ಮೇಷ್ಟ್ರು ಹುಡುಗನ ಕೈಯನ್ನು ತಲೆಯ ಮೇಲಿಂದ ತಂದು ಆ ಕಡೆಯ ಕಿವಿ ಮುಟ್ಟಿಸಿ, ಮುಟ್ಟಿದರೆ ಶಾಲೆಗೆ ಸೇರಿಸಿಕೊಂಡು, ತಮಗೆ ತೋಚಿದ ಜನ್ಮದಿನಾಂಕ ಬರೆಯುತ್ತಿದ್ದರು. ನಮ್ಮ ಮನೆಯ ಗಂಡಸರೆಲ್ಲ ದಾಖಲೆಯಲ್ಲಿ ಜೂನ್ ಒಂದಕ್ಕೇ ಹುಟ್ಟಿದವರು. ಎಲ್ಲರಿಗೂ ನೌಕರಿ ಸಿಕ್ಕಿತು, ಪೆನ್ಷನ್ನೂ ಬಂತು. ದಿನಾಂಕ ಎಂದರೆ ಕೇಳಿಕೊಂಡರೆ ಸ್ವಲ್ಪ ಸರಿದು ಕೂರುವ ವಸ್ತು ಎಂದು ನನ್ನೊಳಗೆ ಎಲ್ಲೋ ಕೂತಿರಬೇಕು. ಮಾರನೆಯ ಮಧ್ಯಾಹ್ನ ಆಫೀಸಿನಲ್ಲಿ ಊಟ ಬಿಟ್ಟು ಆ ಕ್ಲಬ್ಬಿಗೆ ಪತ್ರ ಬರೆದೆ.

ಎರಡು ದಿನಗಳ ವಿನಾಯಿತಿಗಾಗಿ ಮನವಿ ಎಂದು ಮೇಲೆ ಹಾಕಿದೆ. ಮಗನ ಜನನ ಸಹಜವಾಗಿ ಆದದ್ದಲ್ಲ, ಆಸ್ಪತ್ರೆಯು ಆಗಸ್ಟ್ ಮೂವತ್ತು ಮತ್ತು ಸೆಪ್ಟೆಂಬರ್ ಒಂದು ಎಂಬ ಎರಡು ದಿನಗಳನ್ನು ಕೊಟ್ಟಿತ್ತು, ಕೌಟುಂಬಿಕ ಕಾರಣಗಳಿಂದ ಮೊದಲನೆಯದನ್ನು ಆರಿಸಿದವಳು ನಾನು, ಆಟಗಾರನದು ಇದರಲ್ಲಿ ಯಾವ ಪಾತ್ರವೂ ಇಲ್ಲ, ಆದ್ದರಿಂದ ಅವನನ್ನು ಎರಡನೆಯ ದಿನ ಹುಟ್ಟಿದವನೆಂದು ಪರಿಗಣಿಸಬೇಕು. ಆಸ್ಪತ್ರೆಯ ಹಳೆಯ ಕಾಗದವನ್ನು ಸ್ಕ್ಯಾನ್ ಮಾಡಿ ಲಗತ್ತಿಸಿದೆ. ಎರಡು ಸಲ ಓದಿದೆ. ನನ್ನ ವೃತ್ತಿಜೀವನದ ಅತ್ಯುತ್ತಮ ಪತ್ರಗಳಲ್ಲಿ ಅದೊಂದು. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಉತ್ತರ ನಾಲ್ಕು ಸಾಲು. ತಾಯಿಯ ಮನಸ್ಸು ಅರ್ಥವಾಗುತ್ತದೆ, ನಿಯಮ ಲೀಗಿನದು, ನಮ್ಮ ಕೈಯಲ್ಲಿಲ್ಲ, ಮಗನಿಗೆ ಒಳ್ಳೆಯದಾಗಲಿ. ಕೆಳಗೆ ನನ್ನ ಪೂರ್ತಿ ಪತ್ರ, ಲಗತ್ತು ಸಮೇತ. ಫಾರಮ್ಮಿನಲ್ಲಿದ್ದದ್ದು ಮಗನ ಈಮೇಲ್. ಅವರು ಇಬ್ಬರಿಗೂ ಕಳಿಸಿದ್ದರು.

ಆ ಸಂಜೆ ನಾನು ಸುಕುಮಾ ಸೊಪ್ಪು ಹೆಚ್ಚುತ್ತಿದ್ದೆ. ಮಗ ಬಂದು ಫ್ರಿಜ್ಜಿನ ಬಾಗಿಲು ತೆಗೆದು ಹಾಗೇ ನಿಂತ. ಅವನು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ, ನಾನು ಕೇಳುವುದು ಕನ್ನಡದಲ್ಲಿ. ನೆನಪಿನಲ್ಲಿ ಉಳಿಯುವುದೂ ಹಾಗೇ.

"ಶುಕ್ರವಾರ ಕೂಡ ಇತ್ತಾ?"

"ಇತ್ತು."

"ಮತ್ತೆ ಬುಧವಾರ ಯಾಕೆ?"

"ನಕ್ಷತ್ರ ಚೆನ್ನಾಗಿದೆ ಅಂತ."

ಅವನು ಫ್ರಿಜ್ಜಿನೊಳಗೆ ನೋಡುತ್ತಿದ್ದ. ಬೈಯಲಿ ಎಂದು ನಾನು ಕಾಯುತ್ತಿದ್ದೆ. ನಿಜ ಹೇಳಬೇಕೆಂದರೆ ಬೈದಿದ್ದರೆ ನನಗೆ ಉಪಕಾರವಾಗುತ್ತಿತ್ತು.

"ಸೆಪ್ಟೆಂಬರ್ ಒಂದರ ವಿಷಯ ಅಜ್ಜಿಗೆ ಗೊತ್ತಾ?" ಎಂದ.

"ಇಲ್ಲ. ನಾವು ಹೇಳಿಲ್ಲ."

"ಓಕೆ" ಎಂದು ನೀರಿನ ಬಾಟಲಿ ತೆಗೆದುಕೊಂಡು ಕೆಳಗಿನ ಮೈದಾನಕ್ಕೆ ಹೋದ. ನಾನು ಸೊಪ್ಪು ಹೆಚ್ಚುವುದನ್ನು ಮುಗಿಸಿದೆ. ಆಮೇಲೆ ನೋಡಿದರೆ ನಾಲ್ಕು ಜನಕ್ಕೆ ಆಗುವಷ್ಟು ಜಾಸ್ತಿ ಹೆಚ್ಚಿದ್ದೆ. ಅವನು ಆಡಿ ಬಂದ, ತಿಂದ, ಪಲ್ಯಕ್ಕೆ ಉಪ್ಪು ಕಮ್ಮಿ ಎಂದ. ಮನೆಯಲ್ಲಿ ಆ ಮಾತು ಮತ್ತೆ ಏಳಲಿಲ್ಲ.

ಆಗಸ್ಟ್ ಮೂವತ್ತು ಬಂತು. ಹದಿನೆಂಟು ತುಂಬಿತು. ಶ್ಯಾವಿಗೆ ಪಾಯಸ ಮಾಡಿದ್ದೆ. ಮೈಸೂರಿನಿಂದ ಅತ್ತೆಯ ವಿಡಿಯೋ ಕಾಲ್ ಬಂತು. ಈಗ ಅವರಿಗೆ ಎಂಬತ್ತರ ಮೇಲಾಗಿದೆ. ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾರೆಂದರೆ ನಮಗೆ ಕಾಣುವುದು ಅವರ ಹಣೆ ಮತ್ತು ಕುಂಕುಮ. ಪ್ರತಿ ವರ್ಷ ಹೇಳುವ ಮಾತನ್ನೇ ಹೇಳತೊಡಗಿದರು. ಪ್ರತಿ ವರ್ಷ ಮಗ ಅದನ್ನು ಕೇಳದೆ ಹೂಂಗುಟ್ಟಿ ಫೋನನ್ನು ನನ್ನ ಕೈಗೆ ದಾಟಿಸುತ್ತಿದ್ದ. ಈ ಸಲ ಕುರ್ಚಿ ಎಳೆದುಕೊಂಡು ಕೂತು ಪೂರ್ತಿ ಕೇಳಿದ.

"ನಿಮ್ಮಮ್ಮ ಯಾವ ದಿನವಾದ್ರೂ ಆಗತ್ತೆ ಅಂದಿದ್ಲು ಕಣೋ ಮರಿ. ನಾನೇ ಹಟ ಹಿಡಿದು ಬುಧವಾರ ಮಾಡಿಸಿದ್ದು. ಬಂಗಾರದಂಥ ದಿನ. ಅದಕ್ಕೇ ನೋಡು, ನಿಂಗೆ ಎಲ್ಲಾ ಒಳ್ಳೇದೇ ಆಯ್ತು. ಚೆಂಡಾಟ ಹೇಗೆ ನಡೀತಿದೆ?"

ನನ್ನ ಗಂಡ ಪಾಯಸದ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. ನಾನು ಫೋನಿಗೆ ಕೈ ಚಾಚಿದೆ. ಮಗ ಕೊಡಲಿಲ್ಲ. ಹದಿನೆಂಟು ವರ್ಷ ನನ್ನ ಹತ್ತಿರ ಒಂದು ಪೂರ್ತಿ ಕನ್ನಡ ವಾಕ್ಯ ಆಡದವನು ಒಂದೊಂದೇ ಪದ ಹುಡುಕಿ ಜೋಡಿಸಿದ.

"ಚೆನ್ನಾಗಿ ನಡೀತಿದೆ ಅಜ್ಜಿ. ಅದು ಒಳ್ಳೆ ದಿನ. ನೀವು ಸರಿಯಾಗಿ ನೋಡಿದ್ರಿ."

ಅತ್ತೆ ಖುಷಿಯಿಂದ ಫೋನನ್ನು ಇನ್ನೂ ಹತ್ತಿರ ತಂದರು. ಆಮೇಲೆ ನನ್ನನ್ನು ಕರೆದರು.

"ನೋಡಿದ್ಯಾ, ಮಗುಗೆ ಎಷ್ಟು ಚೆನ್ನಾಗಿ ಕನ್ನಡ ಬರತ್ತೆ. ನೀನು ಸುಮ್ಮನೆ ಬರಲ್ಲ ಬರಲ್ಲ ಅಂತಿದ್ದೆ."

"ಬರತ್ತೆ ಅತ್ತೆ" ಎಂದೆ.