ಕಲಾಯಿ ಅಂಗಡಿಗೆ ಬಂದ ಕಪ್ಪು ಪೈಸೆ

ಬಂದರಿನಲ್ಲಿ ಬೆಳಕು ಹರಿಯುವ ಮೊದಲೇ ಸುಲೈಮಾನ್ ಬ್ಯಾರಿಯವರ ತಿದಿ ಉಸಿರಾಡತೊಡಗುತ್ತದೆ. ಕೆಂಡದ ಮೇಲೆ ತಾಮ್ರದ ಚೆಂಬು ಕಾಯುತ್ತದೆ, ನವಸಾಗರದ ಪುಡಿ ಉದುರಿಸಿದರೆ ಬಿಳಿ ಹೊಗೆ ಏಳುತ್ತದೆ, ಹತ್ತಿಯಿಂದ ಒಂದು ಸುತ್ತು ಒರೆಸಿದರೆ ಸಾಕು, ಕರಗಿದ ತವರ ಬೆಳ್ಳಿಯಂತೆ ಹರಡುತ್ತದೆ. ದಿನಕ್ಕೆ ಇಪ್ಪತ್ತು ಪಾತ್ರೆ, ಮೂವತ್ತು ವರ್ಷ. ಹೊಗೆಗೆ ಕಣ್ಣು ಕೆಂಪು. ಬೆರಳ ತುದಿಯ ಚರ್ಮ ಸುಲಿದು ಸುಲಿದು ಗಡುಸಾಗಿದೆ.

ಆದರೆ ಉಪ್ಪು, ಹುಳಿ, ಬೆಂಕಿ, ಸುತ್ತಿಗೆ ಲೋಹವನ್ನು ಏನು ಮಾಡುತ್ತವೆ ಎಂಬುದು ಆ ಬೆರಳುಗಳಿಗೆ ಗೊತ್ತು. ಹಾಗಾಗಿ ವಿಚಿತ್ರ ನಾಣ್ಯ ಸಿಕ್ಕಿದವರು ಇಲ್ಲಿಗೇ ಬರುತ್ತಾರೆ. ಟಂಕಸಾಲೆಯಲ್ಲೇ ತಪ್ಪಿ ಹುಟ್ಟಿದ್ದೋ, ಹೊರಗೆ ಬಂದ ಮೇಲೆ ಕೆಟ್ಟದ್ದೋ, ಹೇಳಬೇಕಾದವರು ಸುಲೈಮಾನ್.

ಇವತ್ತು ಬಂದಿರುವವಳು ಮೀನು ಮಾರುವ ಕಿನ್ನಿ. ಕೈಯಲ್ಲಿ ಐವತ್ತೇಳನೇ ಇಸವಿಯ ಒಂದು ನಯಾಪೈಸೆ. ಮಸಿಯಂತೆ ಕಪ್ಪು, ಒಂದು ಅಂಚಿನಲ್ಲಿ ಬಿದಿಗೆಯ ಚಂದ್ರನಷ್ಟು ಜಾಗ ಅಚ್ಚಿಲ್ಲದೆ ಬೋಳು. ಹೋಟೆಲಿನವರು ಖೋಟಾ ಎಂದು ತಿರುಗಿಸಿ ಕೊಟ್ಟಿದ್ದಾರೆ. ಜೊತೆಗಿರುವ ಕಂಕನಾಡಿಯ ಚಾರ್ಲ್ಸ್ ಮಾಸ್ಟ್ರು ನಾಣ್ಯ ಸಂಗ್ರಹಿಸುವವರು. ನಿಜಕ್ಕೂ ಟಂಕಸಾಲೆಯ ತಪ್ಪಾದರೆ ಹದಿನೈದು ರೂಪಾಯಿ ಕೊಡುತ್ತಾರಂತೆ. ಅಷ್ಟಾದರೆ ಕಿನ್ನಿಯ ಮಗಳಿಗೆ ಕನ್ನಡಕ ಬರುತ್ತದೆ. ಬೋರ್ಡು ಕಾಣದೆ ಹುಡುಗಿ ನಾಲ್ಕನೇ ಕ್ಲಾಸಿನಲ್ಲಿ ಎರಡನೇ ವರ್ಷ ಕೂತಿದ್ದಾಳೆ.

"ಒಮ್ಮೆ ಫಳಫಳ ಮಾಡಿ ಕೊಡಿ ಬ್ಯಾರಿಗಳೇ, ಮಾಸ್ಟ್ರಿಗೆ ಸರಿ ಕಾಣಲಿ."

"ಅದು ಮಾತ್ರ ಬೇಡ ಮಾರಾಯ್ತಿ. ನನ್ನ ಮದ್ದು ಬಿದ್ದರೆ ಕೆಡಿಸಿದವ ನಾನೇ ಆಗ್ತೇನೆ. ಮತ್ತೆ ಯಾರು ನಂಬ್ತಾರೆ?"

ಮಾಸ್ಟ್ರಿಗೂ ಸಂಶಯ. ರೈಲಿನ ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ ನಾಣ್ಯವನ್ನು ಟಂಕಸಾಲೆಯ ತಪ್ಪೆಂದು ನಂಬಿ ಒಮ್ಮೆ ದುಡ್ಡು ಕೊಟ್ಟು ಕೊಂಡವರು ಅವರು. ಇದು ಮೀನಿನ ಉಪ್ಪುನೀರು ತಿಂದದ್ದೇ ಇರಬೇಕು ಎನ್ನುತ್ತಾರೆ.

ಸುಲೈಮಾನ್ ಪಕ್ಕದಂಗಡಿಯ ಸಣ್ಣ ತಕ್ಕಡಿ ತಂದು, ಅದೇ ಇಸವಿಯ ಇನ್ನೊಂದು ಪೈಸೆಯನ್ನು ಎದುರು ತಟ್ಟೆಗೆ ಹಾಕುತ್ತಾರೆ. ಮುಳ್ಳು ಅತ್ತ ಇತ್ತ ತೂಗಿ ನಟ್ಟ ನಡುವೆ ನಿಲ್ಲುತ್ತದೆ.

"ಉಪ್ಪು ತಿಂದರೆ ತೂಕ ಇಳೀತದೆ. ಇದಕ್ಕೆ ತೂಕ ಪೂರಾ ಉಂಟು. ರೈಲು ಮೇಲೆ ಹರಿದಿದ್ದರೆ ಅಕ್ಷರ ಹರಡ್ತಿತ್ತು. ಉಳಿದ ಅಕ್ಷರ ಮುಟ್ಟಿ ನೋಡಿ, ಉಗುರಿಗೆ ಸಿಗ್ತದೆ. ಎರಡೂ ಮುಖದಲ್ಲಿ ಅಚ್ಚು ಒಂದೇ ಕಡೆಗೆ ಜಾರಿದೆ. ಕಪ್ಪು ಮಾತ್ರ ಸಮುದ್ರದ್ದು ಮಾಸ್ಟ್ರೇ, ತಪ್ಪು ಟಂಕಸಾಲೆಯದ್ದೇ."

ಮಾಸ್ಟ್ರು ಉಗುರಿನಿಂದ ಸವರಿ ನೋಡುತ್ತಾರೆ, ಮುಖ ಅರಳುತ್ತದೆ, ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕಿನ್ನಿ ನೋಟುಗಳನ್ನು ಸೆರಗಿನ ತುದಿಗೆ ಕಟ್ಟಿ, ಬುಟ್ಟಿಯಿಂದ ಎರಡು ಬಂಗುಡೆ ಎತ್ತಿ ಹಲಗೆಯ ಮೇಲಿಟ್ಟು, ಸುಲೈಮಾನ್ ಬೇಡ ಎನ್ನುವಷ್ಟರಲ್ಲಿ ಮಗಳನ್ನು ಕರೆತರಲು ಮನೆಯ ದಾರಿ ಹಿಡಿದಾಗಿದೆ.

ಸುಲೈಮಾನ್ ಮೀನನ್ನು ನೋಡುತ್ತಾ ತಿದಿಗೆ ಕೈ ಹಾಕುತ್ತಾರೆ.

"ಮೂವತ್ತು ವರ್ಷ ಹೊಳಪು ಕೊಟ್ಟೇ ಉಂಡೆ. ಹೊಳಪು ಕೊಡದೆ ಇದ್ದದ್ದಕ್ಕೆ ಕೂಲಿ ಸಿಕ್ಕಿದ್ದು ಇವತ್ತೇ."