ಇಂದ್ರಮ್ಮ ಎತ್ತದ ಕೈ

ಮತ್ತಿಗಿರಿಯಲ್ಲಿ ದಿಬ್ಬ ಹತ್ತುವ ಒಂದು ಬೀದಿಯಿದೆ. ಹೊಸೂರಿನ ಕಾರ್ಖಾನೆಗಳಿಗೆಂದು ಕರ್ನಾಟಕದ ಕಡೆಯಿಂದ ಬಂದವರು ಕೂಡಿ ನಿವೇಶನ ಕೊಂಡು ಕಟ್ಟಿಕೊಂಡದ್ದು. ಕೊಳವೆಬಾವಿಯೂ ಎಲ್ಲರದು, ನೀರಿನ ತೊಟ್ಟಿಯೂ ಎಲ್ಲರದು. ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಮಾತ್ರ ದಿಬ್ಬದ ತುದಿಯ ಮನೆಯಲ್ಲಿ ಬಾಗಿಲ ಹಿಂದೆ ಒರಗಿರುತ್ತಿತ್ತು. ಅದು ಹನುಮಂತರಾಯಪ್ಪನ ಮನೆ. ಅಂದರೆ ಆತನ ಹೆಂಡತಿ ಇಂದ್ರಮ್ಮ ದಿನಾ ಗುಡಿಸಿ ಸಾರಿಸುವ ಮನೆ. ಈ ಕತೆ ಇಂದ್ರಮ್ಮನದು. ಆದರೆ ಅವಳ ಕತೆ ಹೇಳಲು ಹೊರಟರೂ ಮೊದಲು ರಷ್ಯಾಕ್ಕೆ ಹೋಗಿ ಬರಬೇಕು. ಅವಳ ಹಣೆಬರಹವೇ ಅದು.

ಹನುಮಂತರಾಯಪ್ಪ ಫಿಟ್ಟರ್ ಆಗಿದ್ದವನು, ಕಾರ್ಮಿಕ ಸಂಘದಲ್ಲಿ ಮುಂದಾಳು. ಜೊತೆಯ ತಮಿಳರು ‘ತೋಳರ್’, ಅಂದರೆ ಸಂಗಾತಿ, ಎಂದು ಕರೆದದ್ದು ನಿವೃತ್ತನಾದ ಮೇಲೂ ಅಂಟಿಕೊಂಡಿತ್ತು. ಸಂಜೆಯಾದರೆ ಕೆಳಬೀದಿಯ ಭೈರೇಶ ಹಾಜರು. ಅವನು ಕಂಪನಿಯೊಂದರ ಆಫೀಸಿನಲ್ಲಿದ್ದ. ಇಬ್ಬರಿಗೂ ಒಂದೇ ಪ್ರಶ್ನೆ: ಸಮಾಜವಾದಿ ದೇಶಗಳಲ್ಲಿ ಇರುವುದು ಪ್ರಜಾಪ್ರಭುತ್ವವೋ, ಸರ್ವಾಧಿಕಾರವೋ?

“ಐದು ವರ್ಸಕ್ಕೊಂದಪ ಬಿರಿಯಾನಿ ತಿಂದು ಗುಂಡಿ ಒತ್ತೋದೇನ್ಲಾ ನಿನ್ನ ಪ್ರಜಾಪ್ರಭುತ್ವ? ಕ್ಯೂಬಾದಾಗೆ ಬೀದಿ ಜನ ಸೇರಿ, ಕೈ ಎತ್ತಿ ಅಭ್ಯರ್ಥಿನ ನಿಲ್ಲಿಸ್ತಾರೆ ಕಣ್ಲಾ.”

“ಯಾರ್ನ ನಿಲ್ಲಿಸಿದ್ರೂ ಪಾರ್ಟಿ ಒಂದೇ ಅಲ್ವಾ ಅಣ್ಣಾ? ಒಂದೇ ಅಂಗಡಿ ಇರೋ ಊರಾಗೆ ಚೌಕಾಸಿ ಮಾಡ್ದಂಗೆ.”

ಅಲ್ಲಿಂದ ಮಾತು ಗೋಡೆಗೆ ಬರುತ್ತಿತ್ತು. ಅಷ್ಟು ಚೆಂದದ ದೇಶವಾದರೆ ಜನ ಓಡಿಹೋಗದಂತೆ ಗೋಡೆ ಯಾಕೆ ಕಟ್ಟಿದರು ಎಂದು ಭೈರೇಶ ಕೇಳುವನು. ಸುತ್ತ ಶತ್ರುಗಳಿದ್ದಾಗ ಬಿಗಿ ಬೇಕಾಗುತ್ತದೆ ಎಂದು ಹನುಮಂತರಾಯಪ್ಪ. ಆ ಶತ್ರುಗಳು ಯಾವತ್ತು ಹೋದರು, ಬಿಗಿ ಯಾವತ್ತು ಸಡಿಲಾಯಿತು ಎಂದು ಭೈರೇಶ. ಒಂದೊಂದು ದೇಶಕ್ಕೂ ಒಂದೊಂದು ಸುತ್ತು ಟೀ. ಇಂದ್ರಮ್ಮ ಡೆಂಕಣಿಕೋಟೆಯ ತಂಗಿಯ ಮನೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಬರ್ಲಿನ್ ಗೋಡೆಯನ್ನು ಮಾತ್ರ ಅವಳ ಜಗುಲಿಯಲ್ಲಿ ದಿನಾ ಒಬ್ಬ ಕಟ್ಟುತ್ತಿದ್ದ, ಒಬ್ಬ ಕೆಡವುತ್ತಿದ್ದ.

ಬೀದಿಯ ನೀರಿಗೆ ಹನುಮಂತರಾಯಪ್ಪ ಮಾಡಿದ್ದ ಏರ್ಪಾಡು ಸರಳ. ಬೆಳಿಗ್ಗೆ ಕೆಳಬೀದಿಗೆ ಅರ್ಧ ಗಂಟೆ, ದಿಬ್ಬಕ್ಕೆ ಅರ್ಧ ಗಂಟೆ. ಸಮಪಾಲು. ಆದರೆ ನೀರಿಗೆ ಸಮಾಜವಾದ ಗೊತ್ತಿಲ್ಲ, ಅದಕ್ಕೆ ಇಳಿಜಾರು ಗೊತ್ತು. ಅದೇ ಅರ್ಧ ಗಂಟೆಯಲ್ಲಿ ತಗ್ಗಿನ ಭದ್ರಮ್ಮ ಡ್ರಮ್ಮು ತುಂಬಿಸಿ, ಅಂಗಳ ತೊಳೆದು, ಕರಿಬೇವಿಗೂ ಬಿಡುತ್ತಿದ್ದಳು. ದಿಬ್ಬದ ಮನೆಗಳಲ್ಲಿ ನಲ್ಲಿ ಕೆಮ್ಮಿ, ಉಸ್ಸೆಂದು, ಒಂದೆರಡು ಕೊಡ ತುಂಬುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ಇದನ್ನೂ ಹನುಮಂತರಾಯಪ್ಪ ವಾದಕ್ಕೆ ಬಳಸಿಕೊಂಡ. ಕೀಲಿ ನನ್ನ ಕೈಲಿದ್ದರೂ ನನ್ನ ಮನೆಗೇ ಕಡಿಮೆ ನೀರು, ಇಂಥ ಸರ್ವಾಧಿಕಾರಿಯನ್ನು ಎಲ್ಲಾದರೂ ಕಂಡಿದ್ದೀಯಾ ಎನ್ನುವನು. ಭೈರೇಶನಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಒಳಗೆ ಖಾಲಿ ಕೊಡದ ಮುಂದೆ ಕೂತ ಇಂದ್ರಮ್ಮನಿಗೆ ಹೊಳೆಯುತ್ತಿತ್ತು, ಅವಳನ್ನು ಕೇಳುವವರಿರಲಿಲ್ಲ.

ಆ ವರ್ಷ ಮಗಳು ನಂದಿತಾ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬಂದಳು. ಬಾಣಂತಿಗೆ ಹಂಡೆ ತುಂಬ ನೀರು ಕಾಯಬೇಕು, ಕೂಸಿಗೆ ಬೇರೆ, ಬಟ್ಟೆಗೆ ಬೇರೆ. ದಿಬ್ಬಕ್ಕೆ ಇನ್ನೊಂದು ಕಾಲು ಗಂಟೆ ಬಿಡಿ ಎಂದು ಇಂದ್ರಮ್ಮ ಗಂಡನನ್ನು ಕೇಳಿದಳು.

“ಮಗಳು ಬಂದ್ಲು ಅಂತ ಕಾನೂನು ತಿರುಗಿಸ್ಲಾ? ಸಭೆ ತೀರ್ಮಾನ ಅದು ಇಂದ್ರಾ. ಎಲ್ರೂ ಕೈ ಎತ್ತವ್ರೆ.”

ನೀನಾದರೂ ಹೇಳಪ್ಪ ಎಂದು ಭೈರೇಶನ ಕಡೆ ತಿರುಗಿದರೆ, ಇರಕ್ಕಾ, ಚೀನಾದ ವಿಚಾರ ಒಂದು ಇತ್ಯರ್ಥವಾಗಲಿ ಎಂದ. ಚೀನಾ ಇತ್ಯರ್ಥವಾಗುವವರೆಗೆ ಕೂಸಿನ ಸ್ನಾನ ಕಾಯುತ್ತದೆಯೇ? ಇಂದ್ರಮ್ಮ ಭದ್ರಮ್ಮನ ಮನೆಯಿಂದ ಸೊಂಟದ ಮೇಲೆ ಕೊಡ ಇಟ್ಟುಕೊಂಡು ದಿಬ್ಬ ಹತ್ತಿದಳು, ಮತ್ತೆ ಇಳಿದಳು, ಮತ್ತೆ ಹತ್ತಿದಳು. ಮಂಡಿ ಹಿಡಿದುಕೊಂಡಿತು.

ಭಾನುವಾರ ಬೆಳಿಗ್ಗೆ ಅವರ ಅಂಗಳದಲ್ಲೇ ಬೀದಿಯ ಸಭೆ. ಇಂದ್ರಮ್ಮ ಟೀ ಲೋಟಗಳ ಟ್ರೇ ಹಿಡಿದು ಬಂದಳು. ಹೋದ ಸಲದ ಏರ್ಪಾಡೇ ಮುಂದುವರಿಯಲಿ, ಒಪ್ಪುವವರು ಕೈ ಎತ್ತಿ ಎಂದ ಹನುಮಂತರಾಯಪ್ಪ. ಕೈಗಳು ಎದ್ದವು. ಒಮ್ಮತ ಎಂದ. ರಷ್ಯಾದಲ್ಲೂ ಹೀಗೇ ಒಮ್ಮತ ಬರುತ್ತಿತ್ತು ಎಂದು ಭೈರೇಶ ಕುಟುಕಿದ. ಅವನ ಕೈಯೂ ಮೇಲೇ ಇತ್ತು.

ಇಂದ್ರಮ್ಮ ಟ್ರೇಯನ್ನು ಗಂಡನ ತೊಡೆಯ ಮೇಲಿಟ್ಟಳು.

“ನಾನು ಎತ್ತಿಲ್ಲ,” ಎಂದಳು. “ಎಲ್ರೂ ಕೈ ಎತ್ತವ್ರೆ ಅಂತೀರಲ್ಲ, ಒಂದು ಸಭೇಲೂ ನಾನು ಎತ್ತಿಲ್ಲ. ನನ್ ಕೈಯಾಗೆ ಟ್ರೇ ಇತ್ತು. ನೀರಿಲ್ದೆ ಇರೋ ತ್ಯಾಗ ನಿಮ್ದಂತೆ. ಕೊಡ ಹೊತ್ತೋಳು ನಾನು. ನನ್ನ ಯಾವತ್ತು ಕೇಳಿದ್ರಿ?”

ಮೊದಲು ಬಾಯಿಬಿಟ್ಟವನು ಭೈರೇಶ. ವಿರೋಧ ಪಕ್ಷ ಬೇಕು ಅನ್ನುವುದು ಇದಕ್ಕೇ ಅಣ್ಣಾ ಎಂದು ತೊಡೆ ತಟ್ಟಿದ. ತೊಡೆಯ ಮೇಲೆ ಟ್ರೇ ಇದ್ದುದರಿಂದ ಹನುಮಂತರಾಯಪ್ಪನಿಗೆ ತಟ್ಟಲಾಗಲಿಲ್ಲ. ತುಂಬಿದ ಸಭೆಯಲ್ಲಿ ಹೆಂಗಸು ಎದ್ದು ಮಾತಾಡಿದಳಲ್ಲ, ನಿಜವಾದ ಜನತಂತ್ರವೇ ಇದು ಎಂದು ಕೂತಲ್ಲಿಂದಲೇ ಸಾಧಿಸಿದ. ಇಂದ್ರಮ್ಮನ ಮಾತು ಯಾರ ವಾದಕ್ಕೆ ಸೇರಬೇಕು ಎಂಬುದರ ಮೇಲೆ ಹೊಸ ಜಗಳ ಹತ್ತಿಕೊಂಡಿತು. ಟೀ ಆರುತ್ತಿತ್ತು.

“ನನ್ ಕರಿಬೇವು ಒಣಗಿದ್ರೆ ಒಣಗ್ಲಿ. ದಿಬ್ಬಕ್ಕೆ ಜಾಸ್ತಿ ಬಿಡಾನ,” ಎಂದು ಭದ್ರಮ್ಮ ಕೈ ಎತ್ತಿದಳು. ಪಕ್ಕದವರು ಎತ್ತಿದರು, ಅವರ ಹಿಂದಿನವರೂ ಎತ್ತಿದರು. ಟ್ರೇ ಇಲ್ಲದ ಇಂದ್ರಮ್ಮನೂ ಎತ್ತಿದಳು. ವಾದದ ಬಿಸಿಯಲ್ಲಿ ಆ ಇಬ್ಬರು ಮಾತ್ರ ನೋಡಲಿಲ್ಲ.

ಅವಳು ಒಳಗೆ ಹೋಗಿ, ಬಾಗಿಲ ಹಿಂದಿನ ಕೀಲಿ ತಂದು, ಹೆಗಲಿಗಿಟ್ಟುಕೊಂಡು ದಿಬ್ಬ ಇಳಿದಳು.

“ಇಂದ್ರಾ, ಸಭೆ ಇನ್ನೂ ಮುಗ್ದಿಲ್ಲ.”

“ನಿಮ್ದು ಮುಗಿಯಾಕಿಲ್ಲ ಬಿಡಿ.”

ವಾಲ್ವು ಬಿಗಿಯಾಗಿತ್ತು. ಹಿಂದೆಯೇ ಬಂದ ಭದ್ರಮ್ಮನೂ ಕೈ ಹಾಕಿದಳು. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯಿಂದ, ಹಂಡೆ ತುಂಬ್ತಮ್ಮಾ ಎಂದು ನಂದಿತಾ ಕೂಗಿದಳು. ಅಂಗಳದಲ್ಲಿ ಆಗ ಇದು ಕ್ರಾಂತಿಯೋ ದಂಗೆಯೋ ಎಂಬ ಚರ್ಚೆ ನಡೆದಿತ್ತು.

ಸಂಜೆ ಕೂಸು ನೀರು ಹಾಕಿಸಿಕೊಂಡು ಸಾಂಬ್ರಾಣಿ ಹೊಗೆಯ ವಾಸನೆಯಲ್ಲಿ ಮಲಗಿತ್ತು. ಎಂದಿನಂತೆ ಬಂದ ಭೈರೇಶ, ಅಕ್ಕಾ ಎರಡು ಟೀ ಎಂದ. ಹನುಮಂತರಾಯಪ್ಪನೂ ಹೂಂಗುಟ್ಟಿದ. ತೊಟ್ಟಿಲ ಹಗ್ಗ ಹಿಡಿದ ಇಂದ್ರಮ್ಮ ಕೂತಲ್ಲಿಂದ ಏಳಲಿಲ್ಲ.

“ಸಭೆ ಕರೀರಿ,” ಎಂದಳು. “ಕೈ ಎತ್ತಾನ.”